ಪ್ಲಾನಿಂಗ್ ಸಾಫ್ಟ್‌ವೇರ್ ಬಂತು, ನಮ್ಮವರಿಗೆ ಯಾರು ಕಲಿಸಬೇಕು? ಹೊಸೂರಿನ ಕಾರ್ಖಾನೆಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಯಾವ ಮಾಲು ಎಷ್ಟು ಬೇಕು, ಯಾವಾಗ ಬೇಕು ಅಂತ ಲೆಕ್ಕ ಹಾಕಿಕೊಡುವ ಹೊಸ ಸಾಫ್ಟ್‌ವೇರ್ ಶುರುವಾದ ಎರಡನೇ ಸೋಮವಾರ. ಪ್ಲಾನಿಂಗ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಲಾಗಿನ್ ಆದಳು. ಸ್ಕ್ರೀನ್ ತುಂಬ ಕೆಂಪು ಸಾಲು. ಆರುನೂರಕ್ಕೂ ಜಾಸ್ತಿ ಎಚ್ಚರಿಕೆಗಳು. ಈ ಆರ್ಡರ್ ಮುಂದಕ್ಕೆ ಹಾಕಿ, ಇದನ್ನು ಕ್ಯಾನ್ಸಲ್ ಮಾಡಿ, ಇದು ತಡವಾಗಿದೆ. ಒಂದು ನಿಮಿಷ ನೋಡಿದಳು. ಆಮೇಲೆ ಅದನ್ನು ಮಿನಿಮೈಸ್ ಮಾಡಿ ಹಳೇ ಎಕ್ಸೆಲ್ ಫೈಲ್ ತೆರೆದಳು. ಅವಳಿಗೆ ತರಬೇತಿ ಸಿಕ್ಕಿರಲಿಲ್ಲ ಅಂತಲ್ಲ. ಬೆಂಗಳೂರಿಗೆ ಕಳಿಸಿ ಮೂರು ದಿನ ಕ್ಲಾಸ್ ಕೊಡಿಸಿದ್ದರು. ಸರ್ಟಿಫಿಕೇಟೂ ಇತ್ತು.

ಆ ಸೋಮವಾರದಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ನಾನು ಬಾಗಲೂರಿನವನು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಗಾಡಿ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಪ್ಲಾನಿಂಗ್ ಕೆಲಸ ಮಾಡಿಕೊಂಡು ಬಂದವನು. ಈಗ ಅಕ್ಕಪಕ್ಕದ ಕಾರ್ಖಾನೆಗಳ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: ಸಾಫ್ಟ್‌ವೇರ್ ತಗೊಂಡಾಯ್ತು, ಕಲಿಸೋದಕ್ಕೆ ಯಾರನ್ನು ಹಿಡಿಯೋಣ? ಕೇಳುವುದಕ್ಕೆ ಕಾರಣವೂ ಇದೆ. ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಜರ್ಮನಿಯ ಸ್ಯಾಪ್ ಕಂಪನಿಯ ಹಳೇ ಪ್ಲಾನಿಂಗ್ ಸಾಫ್ಟ್‌ವೇರ್ ಎಪಿಒಗೆ ಮಾಮೂಲಿ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತದೆ. ಅದರಲ್ಲಿ ಕೆಲಸ ಮಾಡುತ್ತಿರುವವರು ಸ್ಯಾಪ್‌ನದೇ ಹೊಸ ಸಾಫ್ಟ್‌ವೇರ್ ಐಬಿಪಿಗೋ, ಕಿನಾಕ್ಸಿಸ್, ಓ9, ಬ್ಲೂ ಯಾಂಡರ್ ಥರದ ಇನ್ನೊಂದಕ್ಕೋ ಹೋಗಬೇಕು. ದೊಡ್ಡ ಕಂಪನಿ ಬದಲಾದರೆ ಅದಕ್ಕೆ ಮಾಲು ಕೊಡುವ ನಮ್ಮಂಥವರ ಕೆಲಸದ ರೀತಿಯೂ ಬದಲಾಗುತ್ತದೆ.

ಏನನ್ನು ಕಲಿಸಬೇಕು ಅನ್ನೋದು ಮೊದಲು

ಪ್ಲಾನಿಂಗ್ ಸಾಫ್ಟ್‌ವೇರ್ ತರಬೇತಿಯಲ್ಲಿ ಎರಡು ಪಾಠ ಬೆರೆತಿರುತ್ತವೆ. ಒಂದು, ಯಾವ ಬಟನ್ ಎಲ್ಲಿದೆ. ಇನ್ನೊಂದು, ಆ ಬಟನ್ ಯಾಕೆ ಒತ್ತುತ್ತೇವೆ. ಮೊದಲನೆಯದು ಬೇಗ ಬರುತ್ತದೆ. ಎರಡನೆಯದು ಬರದಿದ್ದರೆ ಮೊದಲನೆಯದರಿಂದ ಏನೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಸ್ಯಾಪ್‌ನ ಮೆಟೀರಿಯಲ್ ಮಾಸ್ಟರ್‌ನಲ್ಲಿ (ಪ್ರತಿ ಪಾರ್ಟಿನ ವಿವರ ಬರೆದಿಡುವ ಜಾಗ), ಹೊರಗಿನಿಂದ ಕೊಳ್ಳುವ ಪಾರ್ಟ್‌ಗೆ ‘ಪ್ಲಾನ್ಡ್ ಡೆಲಿವರಿ ಟೈಮ್’ ಅಂತ ಒಂದು ಫೀಲ್ಡ್ ಇದೆ. ಅಲ್ಲಿ ಹಾಕಿದ ಸಂಖ್ಯೆಯನ್ನು ಸಿಸ್ಟಮ್ ಕ್ಯಾಲೆಂಡರ್ ದಿನ ಅಂತ ಲೆಕ್ಕ ಹಾಕುತ್ತದೆ, ಭಾನುವಾರವೂ ಸೇರಿ. ಅದೇ ಪರದೆಯಲ್ಲಿರುವ ‘ಇನ್‌ಹೌಸ್ ಪ್ರೊಡಕ್ಷನ್ ಟೈಮ್’ ಮಾತ್ರ ಕೆಲಸದ ದಿನ. ಸಪ್ಲೈಯರ್ ಫೋನಿನಲ್ಲಿ “ಮೂವತ್ತು ದಿನ ಬೇಕು ಸಾರ್” ಅಂದರೆ ಅವರು ತಮ್ಮ ಕೆಲಸದ ದಿನ ಹೇಳುತ್ತಿರುತ್ತಾರೆ. ವಾರಕ್ಕೆ 6 ದಿನ ಕೆಲಸ ಅಂದರೆ ಅದು 35 ಕ್ಯಾಲೆಂಡರ್ ದಿನ. ನಮ್ಮವರು ಕೇಳಿದ್ದನ್ನು ಕೇಳಿದ ಹಾಗೆ 30 ಅಂತ ಹಾಕುತ್ತಾರೆ. ಅಲ್ಲಿಂದಾಚೆ ಪ್ರತಿ ಆರ್ಡರೂ 5 ದಿನ ತಡವಾಗಿ ಹೊರಡುತ್ತದೆ. ನಾವು ಒಂದು ಫೋರ್ಜಿಂಗ್‌ಗೆ (ಕಾಯಿಸಿ ಬಡಿದು ಮಾಡಿದ ಉಕ್ಕಿನ ಪಾರ್ಟ್) ಇದೇ ತಪ್ಪು ಮಾಡಿದ್ದೆವು. ಲೈನ್ ಒಂದು ಶಿಫ್ಟ್ ನಿಂತಿತು. ಸಪ್ಲೈಯರ್ ಜೊತೆ ಜಗಳ ಆಯ್ತು. ತಪ್ಪು ನಮ್ಮ ಸ್ಕ್ರೀನಿನಲ್ಲೇ ಇದೆ ಅಂತ ಗೊತ್ತಾಗುವುದಕ್ಕೆ ಮೂರು ತಿಂಗಳು ಬೇಕಾಯಿತು. ಸಂಖ್ಯೆ ಹಾಕಿದ ಹುಡುಗನಿಗೆ ಆ ಫೀಲ್ಡ್ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಕೆಳಗಿನ ದಾರಿಗಳನ್ನು ತೂಗಿ ನೋಡುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಈ ದಾರಿ ‘ಎಲ್ಲಿ’ಯನ್ನು ಕಲಿಸುತ್ತದೋ, ‘ಯಾಕೆ’ಯನ್ನು ಕಲಿಸುತ್ತದೋ?

ಸಾಫ್ಟ್‌ವೇರ್ ಕಂಪನಿಯವರ ಕ್ಲಾಸ್

ಸಾಮಾನ್ಯವಾಗಿ ಎರಡರಿಂದ ಐದು ದಿನ. ಸಾಫ್ಟ್‌ವೇರನ್ನು ಇವರಷ್ಟು ಆಳವಾಗಿ ಬೇರೆ ಯಾರೂ ಹೇಳಲಾರರು. ಪದಗಳು ಸರಿಯಾಗಿರುತ್ತವೆ. ಒಂದು ಸೌಲಭ್ಯ ಹೀಗೇ ಯಾಕೆ ಇದೆ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಆದರೆ ಅಲ್ಲಿ ಬಳಸುವ ಡೇಟಾ ಅವರದು, ಅಚ್ಚುಕಟ್ಟಾಗಿ ಮಾಡಿಟ್ಟದ್ದು. ಅದರಲ್ಲಿ ಯಾವ ಸಪ್ಲೈಯರೂ ಕೈಕೊಡುವುದಿಲ್ಲ. ಯಾವ ಪಾರ್ಟ್‌ಗೂ ಎರಡು ನಂಬರ್ ಇರುವುದಿಲ್ಲ. ಸ್ಟಾಕ್ ಲೆಕ್ಕಕ್ಕೂ ಸ್ಟೋರ್ಸ್‌ನಲ್ಲಿರುವ ಮಾಲಿಗೂ ವ್ಯತ್ಯಾಸ ಇರುವುದಿಲ್ಲ. ನಮ್ಮ ಕಾರ್ಖಾನೆಗೆ ವಾಪಸ್ ಬಂದಾಗ ಆ ಮೂರೂ ಎದುರಿಗೆ ನಿಂತಿರುತ್ತವೆ.

ಎಲ್ಲರನ್ನೂ ಇಲ್ಲಿಗೆ ಕಳಿಸಬೇಡಿ. ಇಬ್ಬರನ್ನು ಕಳಿಸಿ, ಜಾಸ್ತಿ ಅಂದರೆ ಮೂವರನ್ನು. ಉಳಿದವರ ಹಣ ಮುಂದೆ ಹೇಳುವ ಕೆಲಸಕ್ಕೆ ಬೇಕಾಗುತ್ತದೆ.

ಆನ್‌ಲೈನ್ ಪಾಠ

ಸ್ಯಾಪ್‌ನ ಕಲಿಕೆಯ ವೆಬ್‌ಸೈಟಿನಲ್ಲಿ ಬಹಳಷ್ಟು ಪಾಠ ಉಚಿತವಾಗಿ ಸಿಗುತ್ತವೆ. ಬೇರೆ ಕಂಪನಿಗಳೂ ತಮ್ಮ ಗ್ರಾಹಕರಿಗೆ ಇಂಥದ್ದನ್ನು ಕೊಡುತ್ತವೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಬಹುದು. ಇನ್ನೊಂದು ಲಾಭವನ್ನು ಜನ ಗಮನಿಸುವುದಿಲ್ಲ. ಐಬಿಪಿ ಕ್ಲೌಡ್‌ನಲ್ಲಿರುವುದರಿಂದ ವರ್ಷಕ್ಕೆ ನಾಲ್ಕು ಸಲ ಹೊಸ ಆವೃತ್ತಿ ಬರುತ್ತದೆ. ಪ್ರಿಂಟ್ ಹಾಕಿಸಿಟ್ಟ ಕೈಪಿಡಿ ಬೇಗ ಹಳತಾಗುತ್ತದೆ. ಆನ್‌ಲೈನ್ ಪಾಠ ಆ ಮಟ್ಟಿಗೆ ಮುಂದೆ.

ತೊಂದರೆ ಸಮಯದ್ದು. “ಮನೆಗೆ ಹೋಗಿ ನೋಡ್ಕೊಳ್ಳಿ” ಅಂದರೆ ಯಾರೂ ನೋಡುವುದಿಲ್ಲ. ಡೆಂಕಣಿಕೋಟೆ ಬಸ್ಸು ಹಿಡಿದು ರಾತ್ರಿ ಎಂಟೂವರೆಗೆ ಮನೆ ಸೇರುವವರು ಸಪ್ಲೈ ನೆಟ್‌ವರ್ಕ್ ಆಪ್ಟಿಮೈಸೇಷನ್ ವಿಡಿಯೋ ಹಾಕಿಕೊಂಡು ಕೂರುವುದು ಸಾಧ್ಯವಾ? ಈ ದಾರಿ ಆರಿಸಿದರೆ ಶಿಫ್ಟಿನೊಳಗೇ ದಿನಕ್ಕೊಂದು ಗಂಟೆ ಬಿಟ್ಟುಕೊಡಿ. ಬಿಡೋಕೆ ಆಗಲ್ಲ ಅಂದರೆ ಈ ದಾರಿಯನ್ನೇ ಬಿಡಿ. ‘ಶೇಕಡಾ 100 ಪೂರ್ಣ’ ಅನ್ನೋ ಹಸಿರು ಗುರುತನ್ನು ನಂಬಿಕೊಂಡು ಗೋ-ಲೈವ್ ದಿನ, ಅಂದರೆ ಹೊಸ ಸಿಸ್ಟಮ್‌ನಲ್ಲಿ ನಿಜವಾದ ಕೆಲಸ ಶುರುಮಾಡುವ ದಿನ, ನಿಗದಿ ಮಾಡುವುದು ತಪ್ಪು.

ಸಿಸ್ಟಮ್ ಕಟ್ಟಿಕೊಟ್ಟ ಕನ್ಸಲ್ಟೆಂಟ್‌ಗಳಿಂದ ಕಲಿಯುವುದು

ಇದು ಸುಲಭ ಅನ್ನಿಸುತ್ತದೆ. ನಮ್ಮ ಸಿಸ್ಟಮ್ ಹೇಗಿದೆ ಅಂತ ಗೊತ್ತಿರುವುದು ಅವರಿಗೆ. ನಮ್ಮ ಪಾರ್ಟ್ ನಂಬರ್‌ಗಳೂ ಬಾಯಿಗೆ ಬಂದಿರುತ್ತವೆ. ಆದರೆ ಪ್ರಾಜೆಕ್ಟಿನ ಕೊನೆಯಲ್ಲಿ ಮೊದಲು ಕತ್ತರಿ ಬೀಳುವುದು ತರಬೇತಿಯ ದಿನಗಳಿಗೆ. ಡೇಟಾ ಲೋಡ್ ತಡವಾಯಿತು, ಟೆಸ್ಟಿಂಗ್ ತಡವಾಯಿತು, ಗೋ-ಲೈವ್ ದಿನ ಮಾತ್ರ ಅಲ್ಲಾಡಬಾರದು. ಹತ್ತು ದಿನ ಅಂತಿದ್ದದ್ದು ನಾಲ್ಕಾಗುತ್ತದೆ.

ಇದು ಸಣ್ಣ ಊರಿನ ಸಣ್ಣ ಕಂಪನಿಗಳ ಕಥೆ ಮಾತ್ರ ಅಲ್ಲ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿ ತನ್ನ ಹೊಸ ಸಿಸ್ಟಮ್‌ಗೆ 48 ತಿಂಗಳು ಬೇಕು ಅಂತ ಸಲಹೆ ಬಂದಿದ್ದರೂ 30 ತಿಂಗಳಿಗೆ ಇಳಿಸಿತು. ಅದರಲ್ಲಿ ಸ್ಯಾಪ್ ಜೊತೆಗೆ ಮನುಜಿಸ್ಟಿಕ್ಸ್ ಅನ್ನೋ ಪ್ಲಾನಿಂಗ್ ಸಾಫ್ಟ್‌ವೇರ್ ಕೂಡ ಇತ್ತು. ಎಲ್ಲವನ್ನೂ 1999ರ ಜುಲೈನಲ್ಲಿ ಒಟ್ಟಿಗೇ ಶುರು ಮಾಡಿದರು. ಹ್ಯಾಲೊವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತು ಅದು. ಗೋದಾಮಿನಲ್ಲಿ ಮಾಲಿದ್ದರೂ ಸುಮಾರು 10 ಕೋಟಿ ಡಾಲರಿನ ಆರ್ಡರ್ ಕಳಿಸಲಾಗಲಿಲ್ಲ. ನೈಕಿಯ ಕಥೆ 2001ರದು. ಐ2 ಕಂಪನಿಯ ಬೇಡಿಕೆ ಅಂದಾಜಿನ ಸಾಫ್ಟ್‌ವೇರ್ ಹಾಕಿದ ಮೇಲೆ ಓಡದ ಶೂ ಜಾಸ್ತಿ, ಓಡುವ ಶೂ ಕಡಿಮೆ ತಯಾರಾಯಿತು. ಅಲ್ಲೂ ಹೋದದ್ದು ಸುಮಾರು 10 ಕೋಟಿ ಡಾಲರಿನ ವ್ಯಾಪಾರ. ಆದರೆ ನೈಕಿ ಪಾಠ ಕಲಿಯಿತು. ಮುಂದೆ ಸ್ಯಾಪ್ ಹಾಕುವಾಗ ಅಮೆರಿಕದ ಗ್ರಾಹಕ ಸೇವಾ ಸಿಬ್ಬಂದಿಗೆ ತಲಾ 140ರಿಂದ 180 ಗಂಟೆ ತರಬೇತಿ ಕೊಟ್ಟರು. ಮುಗಿಸದವರಿಗೆ ಸಿಸ್ಟಮ್ ಒಳಗೆ ಬಿಡುತ್ತಿರಲಿಲ್ಲ. ಈ ಒಂದು ನಿಯಮ ನನಗೆ ತುಂಬಾ ಇಷ್ಟ. ನಮ್ಮಲ್ಲಿ ಎಷ್ಟು ಗಂಟೆ ಕೊಡುತ್ತೇವೆ ಅಂತ ಒಮ್ಮೆ ಕೂಡಿಸಿ ನೋಡಿ.

ಕನ್ಸಲ್ಟೆಂಟ್‌ಗಳಿಂದಲೇ ಕಲಿಯುವುದಾದರೆ ಒಪ್ಪಂದದಲ್ಲಿ ತರಬೇತಿಯ ದಿನಗಳನ್ನು ಬೇರೆಯಾಗಿ ಬರೆಸಿ. ಕಟ್ಟುವ ಕೆಲಸ ತಡವಾದರೂ ಅವನ್ನು ತಿನ್ನುವ ಹಾಗಿಲ್ಲ ಅಂತ ಬರೆಸಿ.

ನಮ್ಮವರೇ ನಮ್ಮವರಿಗೆ ಕಲಿಸುವುದು

ಕಂಪನಿಗಳಲ್ಲಿ ಇದಕ್ಕೆ ‘ಕೀ ಯೂಸರ್’ ಪದ್ಧತಿ ಅನ್ನುತ್ತಾರೆ. ಇಬ್ಬರು ಮೂವರು ಆಳವಾಗಿ ಕಲಿಯುತ್ತಾರೆ, ಅವರು ಉಳಿದವರಿಗೆ ಕಲಿಸುತ್ತಾರೆ. ನನ್ನ ಮತ ಇದಕ್ಕೇ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಕಾರಣ ಭಾಷೆ. ನಮ್ಮ ಪ್ಲಾನಿಂಗ್ ರೂಮಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಮಾತಿನೊಳಗೆ ಬರುತ್ತವೆ. ಬಾಗಲೂರು, ತಳಿ ಕಡೆಯಿಂದ ಬರುವವರಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಅನ್ನೋ ಸ್ಥಿತಿ. ಸ್ಲೈಡ್‌ಗಳೆಲ್ಲ ಇಂಗ್ಲಿಷ್. ಕ್ಲಾಸಿನಲ್ಲಿ “ಅರ್ಥ ಆಯ್ತಾ?” ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅರ್ಥ ಆಗಿಲ್ಲ ಅನ್ನೋ ಮಾತು ಇಂಗ್ಲಿಷಿನಲ್ಲಿ ಬಾಯಿಗೆ ಬರುವುದಿಲ್ಲ. ಅದೇ ಪಕ್ಕದ ಕುರ್ಚಿಯಲ್ಲಿ ಕೂತವರು ನಮ್ಮವರಾದರೆ “ಅಣ್ಣ, ಇದು ಯಾಕೆ ಹಿಂಗೆ ತೋರಿಸ್ತಿದೆ?” ಅಂತ ತಕ್ಷಣ ಕೇಳುತ್ತಾರೆ. ಕಲಿಕೆ ಶುರುವಾಗುವುದು ಆ ಪ್ರಶ್ನೆಯಿಂದ.

ಎರಡನೆಯದು, ನಮ್ಮವರಿಗೆ ಪ್ಲಾನಿಂಗ್ ಆಗಲೇ ಗೊತ್ತು, ಬೇರೆ ಹೆಸರಿನಲ್ಲಿ. ಬಾಗಲೂರು ಸುತ್ತಮುತ್ತ ಗುಲಾಬಿ ಬೆಳೆಯುವವರ ಮನೆಯ ಹುಡುಗನಿಗೆ ಲೀಡ್ ಟೈಮ್ (ಕೆಲಸ ಶುರುವಾದ ದಿನದಿಂದ ಮಾಲು ಕೈಗೆ ಬರುವವರೆಗಿನ ಸಮಯ) ಅಂದರೇನು ಅಂತ ಸ್ಲೈಡ್ ಹಾಕಬೇಕಾಗಿಲ್ಲ. ಫೆಬ್ರವರಿ 14ರ ಹೂವು ಹೊರದೇಶ ಸೇರಬೇಕಾದರೆ ಆ ತಿಂಗಳ ಮೊದಲ ವಾರದ ಹೊತ್ತಿಗೆ ಕೊಯ್ಲಿಗೆ ಬಂದಿರಬೇಕು. ಗಿಡ ಸವರಿದ ಮೇಲೆ ಹೂವಿಗೆ ಸುಮಾರು 45ರಿಂದ 50 ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಮೂರನೇ ವಾರ ಕತ್ತರಿ ಹಿಡಿದು ತೋಟಕ್ಕೆ ಇಳಿಯಬೇಕು. ಸಾಫ್ಟ್‌ವೇರ್ ಮಾಡುವುದೂ ಇದೇ, ಬೇಕಾದ ದಿನದಿಂದ ಹಿಂದಕ್ಕೆ ಎಣಿಸುವುದು. ಸೇಫ್ಟಿ ಸ್ಟಾಕ್, ಅಂದರೆ ಏರುಪೇರಿಗೆ ಅಂತ ಕೂಡಿಟ್ಟ ಮಾಲು, ಇದನ್ನು ಹೇಳಿಕೊಡೋಕೆ ನಾನು ಹಗೇವಿನ ಉದಾಹರಣೆ ಕೊಡುತ್ತೇನೆ. ಹಳೇ ಕಾಲದಲ್ಲಿ ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುತ್ತಿದ್ದರಲ್ಲ, ಅದು. ಎಷ್ಟು ತುಂಬಬೇಕು? ಮಳೆ ಎಷ್ಟು ಕೈಕೊಡುತ್ತದೆ, ಮನೆಗೆ ಎಷ್ಟು ಜನ ಹೇಳದೆ ಬರುತ್ತಾರೆ, ಇವೆರಡನ್ನು ನೋಡಿ. ಸಪ್ಲೈ ಏರುಪೇರು, ಬೇಡಿಕೆ ಏರುಪೇರು. ಸಾಫ್ಟ್‌ವೇರ್ ಕೇಳುವ ಸಂಖ್ಯೆಗಳೂ ಅವೇ. ಇದನ್ನು ಹೇಳಿದ ದಿನ ಸ್ಟೋರ್ಸ್‌ನಲ್ಲಿ ಬಹಳ ವರ್ಷದಿಂದ ಇರುವ ಒಬ್ಬರು ಕೇಳಿದರು: “ಹಂಗಾದ್ರೆ ಎಲ್ಲಾ ಪಾರ್ಟ್‌ಗೂ 15 ದಿನದ ಸ್ಟಾಕ್ ಅಂತ ಒಂದೇ ಸಂಖ್ಯೆ ಯಾಕೆ ಹಾಕಿದೀವಿ ಸಾರ್?” ಮೂರು ದಿನದ ಕ್ಲಾಸಿನಲ್ಲಿ ಈ ಪ್ರಶ್ನೆ ಯಾರಿಂದಲೂ ಬಂದಿರಲಿಲ್ಲ.

ಮೂರನೆಯದು ಡೇಟಾ. ಲೈವ್ ಸಿಸ್ಟಮಿನ ನಕಲು ಒಂದು ಇರಲಿ, ಸ್ಯಾಂಡ್‌ಬಾಕ್ಸ್ ಅನ್ನುತ್ತಾರೆ. ಅದರೊಳಗೆ ನಮ್ಮದೇ ಪಾರ್ಟ್‌ಗಳು, ನಮ್ಮದೇ ಸಪ್ಲೈಯರ್‌ಗಳು. ಅಲ್ಲಿ ಏನು ಹಾಳು ಮಾಡಿದರೂ ಪರವಾಗಿಲ್ಲ. ನಾವು ಪಾಠಗಳನ್ನು ಮೆನು ಪ್ರಕಾರ ಮಾಡಲಿಲ್ಲ, ಆಪತ್ತಿನ ಪ್ರಕಾರ ಮಾಡಿದೆವು. ಬಂದ ಲಾಟಿನಲ್ಲಿ 400 ಪೀಸ್ ರಿಜೆಕ್ಟ್. ಗ್ರಾಹಕರ ಶೆಡ್ಯೂಲ್ ತಿಂಗಳ ಮಧ್ಯೆ ಶೇಕಡಾ 20 ಏರಿತು. ಚೆನ್ನೈ ಬಂದರಿನಲ್ಲಿ ಕಂಟೇನರ್ ಒಂದು ವಾರ ನಿಂತಿತು. ಈಗ ಏನು ಮಾಡ್ತೀರಿ, ಸ್ಕ್ರೀನಿನಲ್ಲಿ ತೋರಿಸಿ. ಇಂಥ ಹನ್ನೆರಡು ಸಂದರ್ಭ. ಹನ್ನೆರಡನ್ನೂ ಒಬ್ಬರೇ ಮಾಡಿ ತೋರಿಸಿದವರಿಗೆ ಲಾಗಿನ್.

ಮೊದಲು ಹೇಳಿದ ಹುಡುಗಿಯ ಆರುನೂರು ಎಚ್ಚರಿಕೆಗಳು ಬಗೆಹರಿದದ್ದೂ ಹೀಗೆಯೇ. ಖರೀದಿ ವಿಭಾಗದ ಒಬ್ಬ ಮೇಡಂ ಅವಳ ಪಕ್ಕ ಮುಕ್ಕಾಲು ಗಂಟೆ ಕೂತು ಹೇಳಿಕೊಟ್ಟರು. ಮೊದಲು ಮುಂದಿನ ಏಳು ದಿನದೊಳಗಿನವು ಮಾತ್ರ ಉಳಿಸು. ಅದರಲ್ಲಿ ಗ್ರಾಹಕರ ಆರ್ಡರಿಗೆ ಜೋಡಿಸಿಕೊಂಡಿರುವುದು ಯಾವುದು ನೋಡು. ಒಂದೆರಡು ದಿನ ಹಿಂದೆಮುಂದೆ ಮಾಡಿ ಅನ್ನುವಂಥವನ್ನು ಸದ್ಯಕ್ಕೆ ಬಿಡು. ಉಳಿದದ್ದು 23. “ಇಷ್ಟೇನಾ ಮೇಡಂ?” ಅಂದಳು. ಆ ಫಿಲ್ಟರನ್ನು ಸೇವ್ ಮಾಡಿಕೊಂಡಳು. ಈಗ ಹೊಸಬರಿಗೆ ಅವಳೇ ತೋರಿಸುತ್ತಾಳೆ.

ಈ ದಾರಿಯ ಅಪಾಯಗಳನ್ನೂ ಹೇಳಬೇಕು. ಕೀ ಯೂಸರ್ ತಪ್ಪು ಕಲಿತರೆ ಇಡೀ ವಿಭಾಗ ತಪ್ಪು ಕಲಿಯುತ್ತದೆ. ಅದಕ್ಕೇ ಆ ಇಬ್ಬರನ್ನು ಮೂಲ ಕಂಪನಿಯ ಕ್ಲಾಸಿಗೆ ಕಳಿಸುವುದು. ಇನ್ನೊಂದು, ಚೆನ್ನಾಗಿ ಕಲಿತವರಿಗೆ ಅತ್ತಿಬೆಲೆ ದಾಟಿ ಬೆಂಗಳೂರು ಕಡೆ ಹೋದರೆ ಜಾಸ್ತಿ ಸಂಬಳ ಸಿಗುತ್ತದೆ. ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ, ಸಂಬಳದ ವಿಷಯದಲ್ಲೂ ಕೈ ಬಿಗಿ ಹಿಡಿಯಬೇಡಿ. ಕಂಪ್ಯೂಟರಿನಲ್ಲಿ ಚುರುಕಾದವರನ್ನೇ ಕೀ ಯೂಸರ್ ಮಾಡಬೇಕಿಲ್ಲ. ಕಷ್ಟ ಬಂದಾಗ ಎಲ್ಲರೂ ಯಾರ ಮೇಜಿನ ಹತ್ತಿರ ಹೋಗುತ್ತಾರೆ ನೋಡಿ. ಅವರನ್ನು ಆರಿಸಿ. ಆರಿಸಿದ ಮೇಲೆ ಅವರ ದಿನನಿತ್ಯದ ಕೆಲಸದಲ್ಲಿ ಅರ್ಧವನ್ನು ಕನಿಷ್ಠ ಎರಡು ತಿಂಗಳು ಬೇರೆಯವರಿಗೆ ಕೊಡಿ. ಇದನ್ನು ಮಾಡದೆ ಪೂರ್ತಿ ಕೆಲಸದ ಮೇಲೆ ಇದನ್ನೂ ಹೊರಿಸಿದರೆ ಅದು ಅನ್ಯಾಯ. ಆ ಅನ್ಯಾಯ ನಾನು ಕಣ್ಣಾರೆ ನೋಡಿದ್ದೇನೆ.

ಸ್ಕ್ರೀನಿನ ಮೇಲೇ ದಾರಿ ತೋರಿಸುವ ಟೂಲ್‌ಗಳು

ವಾಕ್‌ಮೀ (2024ರಲ್ಲಿ ಸ್ಯಾಪ್ ಇದನ್ನು ಕೊಂಡಿತು), ಸ್ಯಾಪ್ ಎನೇಬಲ್ ನೌ ಥರದವು. ಮುಂದೆ ಇಲ್ಲಿ ಒತ್ತಿ, ಆಮೇಲೆ ಅಲ್ಲಿ ಒತ್ತಿ ಅಂತ ಬಾಣ ತೋರಿಸುತ್ತವೆ. ತಿಂಗಳಿಗೊಮ್ಮೆ ಮಾಡುವ, ಮರೆತುಹೋಗುವ ಕೆಲಸಗಳಿಗೆ ಒಳ್ಳೆಯದು. ಐವತ್ತು ಜನಕ್ಕಿಂತ ಕಡಿಮೆ ಬಳಸುವ ಜಾಗದಲ್ಲಿ ನಾನಾದರೆ ಹಣ ಹಾಕುವುದಿಲ್ಲ.

ಸಾಫ್ಟ್‌ವೇರ್ ಮುಟ್ಟದೆ ಕಲಿಸುವುದು

ಇದನ್ನು ಬಹಳ ಕಡೆ ಪಟ್ಟಿಯಲ್ಲೇ ಸೇರಿಸುವುದಿಲ್ಲ. ಸೇರಿಸಬೇಕು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದಲ್ಲಿ ಮಾಡಿದ ‘ಬಿಯರ್ ಗೇಮ್’ ಅಂತ ಒಂದು ಆಟ ಇದೆ. ನಾಲ್ಕು ಜನ ಸಾಲಾಗಿ ಕೂರುತ್ತಾರೆ: ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಕಾರ್ಖಾನೆ. ಮಾತಾಡುವ ಹಾಗಿಲ್ಲ. ವಾರಕ್ಕೊಂದು ಚೀಟಿಯಲ್ಲಿ ಆರ್ಡರ್ ಬರೆದು ಹಿಂದಿನವರಿಗೆ ಕೊಡಬೇಕು. ಮಾಲು ಬರೋಕೆ ಕೆಲವು ವಾರ ಹಿಡಿಯುತ್ತದೆ. ಗ್ರಾಹಕರ ಬೇಡಿಕೆ ಮೊದಲ ನಾಲ್ಕು ವಾರ 4, ಐದನೇ ವಾರದಿಂದ ಕೊನೆಯವರೆಗೆ 8. ಬೇರೆ ಏನೂ ಬದಲಾಗುವುದಿಲ್ಲ.

ನಾವು ಬಿಯರ್ ಬದಲು ಹಾಲಿನ ಕ್ರೇಟ್ ಅಂತ ಮಾಡಿಕೊಂಡು, ಕ್ಯಾಂಟೀನಿನ ಉದ್ದ ಮೇಜಿನ ಮೇಲೆ ಹುಣಸೆ ಬೀಜ ಇಟ್ಟು ಆಡಿದೆವು. ಹದಿನೈದನೇ ವಾರದ ಹೊತ್ತಿಗೆ ಕಾರ್ಖಾನೆ ಜಾಗದಲ್ಲಿ ಕೂತವರಿಗೆ 30, 40ರ ಆರ್ಡರ್ ಬರುತ್ತಿತ್ತು. ಆಮೇಲೆ ಸತತವಾಗಿ ಸೊನ್ನೆ. ಅವರ ಮುಂದೆ ಬೀಜದ ರಾಶಿ. “ಗಿರಾಕಿಗಳು ಮನಸ್ಸಿಗೆ ಬಂದ ಹಾಗೆ ಆರ್ಡರ್ ಹಾಕಿದ್ದಾರೆ” ಅಂತ ಅವರಿಗೆ ನಿಜವಾಗಿಯೂ ಕೋಪ ಬಂದಿತ್ತು. ಗ್ರಾಹಕರ ಚೀಟಿಗಳನ್ನು ತಿರುಗಿಸಿ ತೋರಿಸಿದಾಗ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಬೇಡಿಕೆ ಒಂದೇ ಸಲ ಬದಲಾಗಿತ್ತು. ಉಳಿದ ಏರಿಳಿತವನ್ನೆಲ್ಲ ಹುಟ್ಟಿಸಿದ್ದು ನಾವೇ, ಭಯದಿಂದ. ಸಾಫ್ಟ್‌ವೇರ್ ಕೊಟ್ಟ ಸಂಖ್ಯೆಯ ಮೇಲೆ ‘ಇರಲಿ’ ಅಂತ ಹತ್ತು ಇಪ್ಪತ್ತು ಸೇರಿಸುವ ಅಭ್ಯಾಸದ ಬಗ್ಗೆ ಅದಾದ ಮೇಲೆ ಮಾತಾಡೋದು ಸುಲಭವಾಯಿತು. ಒಂದು ಮಧ್ಯಾಹ್ನ ಸಾಕು, ಖರ್ಚೇನೂ ಇಲ್ಲ.

ಉತ್ಪಾದನೆ, ದಾಸ್ತಾನು ನಿರ್ವಹಣೆ ಕಲಿತವರಿಗೆ ಕೊಡುವ ಸಿಪಿಐಎಂ ಅನ್ನೋ ಸರ್ಟಿಫಿಕೇಟ್ 1973ರಿಂದ ಇದೆ, ಪ್ಲಾನಿಂಗ್‌ನ ಮೂಲ ವಿಷಯಗಳಿಗೆ ಒಳ್ಳೆಯ ಓದು. ಇದೇ ಕೆಲಸದಲ್ಲಿ ಮುಂದೆ ಬರಬೇಕು ಅನ್ನುವ ಒಬ್ಬಿಬ್ಬರಿಗೆ ಕಂಪನಿ ಶುಲ್ಕ ಕಟ್ಟಲಿ. ಎಲ್ಲರಿಗೂ ಬೇಕಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಪ್ಲಾನಿಂಗ್, ಖರೀದಿ, ಸ್ಟೋರ್ಸ್ ಎಲ್ಲ ಸೇರಿ ಐದಾರು ಜನ ಮಾತ್ರ ಬಳಸುವ ಕಂಪನಿಯಾದರೆ ಒಬ್ಬರನ್ನು ಕ್ಲಾಸಿಗೆ ಕಳಿಸಿ, ಇನ್ನೊಬ್ಬರಿಗೆ ಆನ್‌ಲೈನ್ ಪಾಠಕ್ಕೆ ಶಿಫ್ಟಿನಲ್ಲಿ ಸಮಯ ಕೊಡಿ, ಉಳಿದವರು ಇವರಿಬ್ಬರ ಪಕ್ಕ ಕೂತು ಕಲಿಯಲಿ. ಇಪ್ಪತ್ತು ಮೂವತ್ತು ಜನ ಇದ್ದರೆ ಮೇಲೆ ಹೇಳಿದ ಕೀ ಯೂಸರ್ ಪದ್ಧತಿ, ಪ್ರತಿ ವಿಭಾಗಕ್ಕೆ ಇಬ್ಬರಂತೆ. ಹೊಸೂರಿನಲ್ಲೊಂದು, ಪುಣೆಯಲ್ಲೊಂದು ಅಂತ ಹಲವು ಪ್ಲಾಂಟ್ ಇದ್ದರೆ ಸಂದರ್ಭಗಳ ಪಟ್ಟಿ ಎಲ್ಲ ಕಡೆ ಒಂದೇ ಇರಲಿ, ಕಲಿಸುವವರು ಮಾತ್ರ ಆಯಾ ಊರಿನವರೇ ಇರಲಿ. ಐಬಿಪಿ ತಗೊಂಡವರಿಗೆ ಒಂದು ಅನುಕೂಲ ಇದೆ. ಪ್ಲಾನರ್‌ಗಳು ಹೆಚ್ಚಿನ ಕೆಲಸವನ್ನು ಎಕ್ಸೆಲ್ ಒಳಗಿಂದಲೇ ಮಾಡಬಹುದು. ಎಕ್ಸೆಲ್‌ನಲ್ಲಿ ಕೈ ಪಳಗಿದವರು ಅರ್ಧ ದಾರಿ ಬಂದಿರುತ್ತಾರೆ. ಆದರೆ ಹಳೇ ಫೈಲಿಗೆ ಜಾರಿ ಹೋಗುವುದೂ ಅಲ್ಲಿ ಅಷ್ಟೇ ಸುಲಭ.

ಯಾವ ದಾರಿ ಹಿಡಿದರೂ ಎರಡು ವಿಷಯ ನೋಡಿಕೊಳ್ಳಿ. ತರಬೇತಿಗೂ ಗೋ-ಲೈವ್‌ಗೂ ನಡುವೆ ಎರಡು ವಾರಕ್ಕಿಂತ ಜಾಸ್ತಿ ಅಂತರ ಬೇಡ, ಮರೆತುಹೋಗುತ್ತದೆ. ದ್ವಿಚಕ್ರ ವಾಹನಕ್ಕೆ ಮಾಲು ಕೊಡುವವರು ಆಗಸ್ಟ್‌ನಿಂದ ದೀಪಾವಳಿವರೆಗೆ ಗೋ-ಲೈವ್ ಇಟ್ಟುಕೊಳ್ಳಲೇಬೇಡಿ. ಹರ್ಷಿಗೆ ಹ್ಯಾಲೊವೀನ್ ಹೇಗೋ ನಮಗೆ ಆಯುಧಪೂಜೆ ಹಾಗೆ.

ಕಲಿತಿದ್ದಾರಾ ಇಲ್ಲವಾ ಅಂತ ತಿಳಿಯೋಕೆ ಪರೀಕ್ಷೆ ಬೇಕಿಲ್ಲ. ಗೋ-ಲೈವ್ ಆಗಿ ಆರನೇ ವಾರ ಸೋಮವಾರ ಬೆಳಿಗ್ಗೆ ಪ್ಲಾನಿಂಗ್ ರೂಮಿಗೆ ಹೋಗಿ, ಎಷ್ಟು ಮೇಜಿನ ಮೇಲೆ ಹಳೇ ಎಕ್ಸೆಲ್ ಇನ್ನೂ ತೆರೆದಿದೆ ಅಂತ ಎಣಿಸಿ. ತೆರೆದಿಟ್ಟವರನ್ನು ಬೈಯಬೇಡಿ. ಆ ಫೈಲ್‌ನಲ್ಲಿ ಸಿಗುವ ಯಾವ ವಿಷಯ ಹೊಸ ಸಿಸ್ಟಮಿನಲ್ಲಿ ಸಿಗುತ್ತಿಲ್ಲ ಅಂತ ಕೇಳಿ, ಬರೆದುಕೊಳ್ಳಿ. ಮುಂದಿನ ವಾರದ ಪಾಠ ಅದೇ ಆಗಲಿ.